ನಾವು ತುಮಕೂರಿಗೆ ಯಾಕೆ ಬಂದೆವು
(ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಟ್ಟಿಯ ಹಿರಿಯರು ಕಂಡಾಗಲೆಲ್ಲ ನಮ್ಮನ್ನ ಒಂದು ಮಾತು ಕೇಳ್ತಾರೆ: 'ಓದಿದ್ದಾಯ್ತು, ಊರಿಗೆ ಬರಬಾರದೇನ್ರಪ್ಪ?' ಬೆಂಗಳೂರು ಸೇರಿದ ಗೆಳೆಯರು ಕೇಳೋದೇ ಬೇರೆ: 'ಆ ತುಮಕೂರಲ್ಲಿ ಏನೈತೆ ಅಂತ ಕೂತಿದೀರ?' ಇಬ್ಬರಿಗೂ ಇವತ್ತು ಒಟ್ಟಿಗೇ ಉತ್ತರ ಹೇಳೋಣ ಅಂತ ನಿಂತಿದ್ದೇವೆ.

ನಾವು ಅಂದರೆ ಪಾವಗಡ, ಮಧುಗಿರಿ, ಶಿರಾ ಕಡೆಯ ಹಟ್ಟಿಗಳಿಂದ ಬಂದವರು. ಇಲ್ಲೇ ಬಿ.ಎ. ಮುಗಿಸಿ ಒಂದೇ ರೂಮಿನಲ್ಲಿ ನಾಲ್ಕು ಚಾಪೆ ಹಾಸಿಕೊಂಡವರು. ಒಬ್ಬ ಝೆರಾಕ್ಸ್ ಅಂಗಡಿಯಲ್ಲಿದ್ದಾನೆ. ಒಬ್ಬ ಅಂತರಸನಹಳ್ಳಿ ಮಾರುಕಟ್ಟೆಯ ಮಂಡಿಯಲ್ಲಿ ಲೆಕ್ಕ ಬರೀತಾನೆ. ಇಬ್ಬರು ವಸಂತನರಸಾಪುರದಲ್ಲಿ ಗುತ್ತಿಗೆ ಕೂಲಿ. ಕವಿತೆ ಬರೆಯೋದು ರಾತ್ರಿ ಪಾಳಿ, ಅದಕ್ಕೆ ಸಂಬಳ ಇಲ್ಲ.

ಮೊದಲು ಸಂತೋಷದ ಮಾತು. ಈ ಊರಿಗೆ ಬಂದ ದಿನ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿಗೆ ಹೋದೆವು. ಒಳಗೆ ಹೋಗಿ ಕುರ್ಚಿ ಮೇಲೆ ಕೂತೆವು. ಟೀ ಬಂತು. ಕುಡಿದು ಎದ್ದವರೇ ಲೋಟ ಹಿಡಕೊಂಡು ನಲ್ಲಿ ಎಲ್ಲೈತೆ ಅಂತ ಹುಡುಕಿದೆವು. ಊರಿನ ಹೋಟೆಲಿನ ಅಭ್ಯಾಸ. ಸಪ್ಲೈಯರ್ ಹುಡುಗ 'ಬಿಡಣ್ಣ' ಅಂತ ಲೋಟ ಇಸ್ಕೊಂಡು ಹೋದ. ನಡೆದದ್ದು ಅಷ್ಟೇ. ಕೇಳಿದವರು ನಗಬಹುದು. ನಾವು ಇನ್ನೊಂದು ಸಲ ಟೀ ಹೇಳಿದೆವು. ಬಾಯಾರಿಕೆಗಲ್ಲ, ಅವನು ಇನ್ನೊಂದು ಸಲ ನಮ್ಮ ಲೋಟ ಎತ್ತಲಿ ಅಂತ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುವಾಗ ಬಾಬಾಸಾಹೇಬರು ಹಳ್ಳಿಯನ್ನ ಹೊಗಳುವವರ ಮಾತನ್ನ ಒಪ್ಪಲಿಲ್ಲ. ಕರಡು ಹಳ್ಳಿಯನ್ನ ಬಿಟ್ಟು ವ್ಯಕ್ತಿಯನ್ನ ಘಟಕ ಮಾಡಿಕೊಂಡಿದ್ದಕ್ಕೆ ಸಂತೋಷಪಟ್ಟರು. ನಾವು ಇದನ್ನ ಪರೀಕ್ಷೆಗೆ ಅಂತ ಓದಿದ್ದೆವು. ಅರ್ಥ ಆದದ್ದು ಆ ಹೋಟೆಲಿನಲ್ಲಿ.

ಹಾಗಾದರೆ ಬೆಂಗಳೂರಿಗೇ ಹೋಗಬಾರದಾ? ಬರೀ 70 ಕಿಲೋಮೀಟರು, ರೈಲು ಐತೆ. ಹೋಗಿ ನೋಡಿದವರೇ ನಾವು. ಅಲ್ಲಿ ಹತ್ತು ತಿಂಗಳ ಅಡ್ವಾನ್ಸು ಕೇಳ್ತಾರೆ. ಅಷ್ಟು ದುಡ್ಡನ್ನ ನಮ್ಮಪ್ಪಂದಿರು ಒಟ್ಟಿಗೆ ಕಂಡೇ ಇಲ್ಲ. ಇಲ್ಲಿಂದಾದರೆ ಅವ್ವನಿಗೆ ಜ್ವರ ಅಂತ ಫೋನು ಬಂದರೆ ಸಂಜೆ ಬಸ್ಸಿಗೆ ಹತ್ತಬಹುದು, ಬೆಳಿಗ್ಗೆ ಕೆಲಸಕ್ಕೆ ಬರಬಹುದು. ಸಂಜೆ ಸಭೆ ಅಂದರೆ ಇಪ್ಪತ್ತು ಜನ ನಡಕೊಂಡೇ ಬಂದು ಸೇರ್ತಾರೆ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಇದ್ದ ಸಣ್ಣ ಊರಿನಲ್ಲಿ. ಬಿ. ಕೃಷ್ಣಪ್ಪನವರು ಅಲ್ಲಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳ್ತಿದ್ದರು. ಹಳ್ಳಿಯ ಕಣ್ಣು ತಪ್ಪಿಸಿ, ಆದರೆ ಹಳ್ಳಿಗೆ ಕೂಗಳತೆಯಲ್ಲಿ ನಾಲ್ಕು ಜನ ಕೂರೋಕೆ ಇಂಥ ಊರೇ ಬೇಕು.

ತುಮಕೂರು ಬೆಳೀತಾ ಐತೆ, ಅದು ಸುಳ್ಳಲ್ಲ. 2014ರಲ್ಲಿ ವಸಂತನರಸಾಪುರದ ಫುಡ್ ಪಾರ್ಕ್ ಉದ್ಘಾಟನೆ ಆಯ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಊರಿನ ಹೆಸರು ಸೇರಿತು. ಅದೇ 2016ರಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಮುಚ್ಚಿತು. ಇದನ್ನ ಯಾರೂ ಜೊತೆಗಿಟ್ಟು ಹೇಳೋದಿಲ್ಲ. ಎಚ್‌ಎಂಟಿ ಸರ್ಕಾರದ್ದು, ಅಲ್ಲಿ ಮೀಸಲಾತಿ ಇತ್ತು, ಖಾಯಂ ಕೆಲಸ ಇತ್ತು. ಖಾಸಗಿ ಕಾರ್ಖಾನೆಗೆ ಮೀಸಲಾತಿ ಇಲ್ಲ. ನಮ್ಮಿಬ್ಬರನ್ನ ಕೆಲಸಕ್ಕೆ ತಗೊಂಡ ಗುತ್ತಿಗೆದಾರ ಸರ್ಟಿಫಿಕೇಟು ನೋಡಲಿಲ್ಲ, 'ಯಾರ ಪೈಕಿ?' ಅಂದ. ತನ್ನ ಪೈಕಿಯವರನ್ನ ಮಿಷಿನ್ನಿಗೆ ಹಾಕಿದ, ನಮ್ಮನ್ನ ಲೋಡಿಂಗಿಗೆ ಹಾಕಿದ. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ಅದು ಸರ್ಕಾರದ್ದೇ. ಆದರೆ ಬಿ.ಎ. ಓದಿದವರಿಗೆ ಹೆಲಿಕಾಪ್ಟರ್ ಕಟ್ಟೋಕೆ ಬರಲ್ಲ. ತಮ್ಮಂದಿರೇ, ಐಟಿಐಗೂ ಅರ್ಜಿ ಹಾಕಿ.

ಇನ್ನು ಮನೆ ವಿಚಾರ. ಹೋಟೆಲಿನಲ್ಲಿ ಕೇಳದಿದ್ದ ಪ್ರಶ್ನೆ ಬಾಡಿಗೆ ಮನೆಯ ಗೇಟಿನಲ್ಲಿ ನಿಂತಿರ್ತದೆ.

'ಯಾವ ಜನ ನೀವು?'

'ಶಿರಾ ಕಡೆಯವರು ಸಾರ್.'

'ಅದಲ್ಲಪ್ಪ, ಯಾವ ಜನ?'

ನಾವು ಸುಳ್ಳು ಹೇಳಿದೆವು. ಈ ಸಭೆಯಲ್ಲಿ ಅದನ್ನ ಮುಚ್ಚಿಡಬಾರದು. ಬೇರೆ ಜಾತಿಯ ಹೆಸರು ಹೇಳಿ ನಾಲ್ಕು ತಿಂಗಳು ಇದ್ದೆವು. ಒಂದು ಭಾನುವಾರ ನಮ್ಮಲ್ಲೊಬ್ಬನ ಅವ್ವ ರಾಗಿಹಿಟ್ಟಿನ ಚೀಲ ಹೊತ್ತು ಬಂದಳು. ಬಿಸಿಲಲ್ಲಿ ಬಂದ ಹೆಂಗಸು ಅಂತ ಮನೆಯೊಡತಿ ಚೊಂಬಿನಲ್ಲಿ ನೀರು ತಂದರು. ಒಳ್ಳೆಯ ಮನಸ್ಸಿಂದಲೇ ತಂದರು. ಅವ್ವ ಚೊಂಬು ಮುಟ್ಟಲಿಲ್ಲ. ಬಗ್ಗಿ ನಿಂತು ಬೊಗಸೆ ಒಡ್ಡಿದಳು.

ಆಯಮ್ಮ ಆ ಬೊಗಸೆಯನ್ನೇ ನೋಡುತ್ತಾ ನಿಂತರು. ಸಂಜೆ ಯಜಮಾನರು ಬಂದು, 'ಮುಂದಿನ ತಿಂಗಳು ಬಣ್ಣ ಹೊಡಿಸ್ಬೇಕು, ಖಾಲಿ ಮಾಡಿ' ಅಂದರು. ಜಾತಿಯ ಮಾತೇ ಬರಲಿಲ್ಲ. ಹಳ್ಳಿಯಲ್ಲಾದರೆ ಬೈದು ಹೇಳ್ತಿದ್ದರು, ಇಲ್ಲಿ ಬಣ್ಣದ ನೆಪ ಹೇಳ್ತಾರೆ. ಬಸ್ಸು ಹತ್ತುವಾಗ ಅವ್ವ ಕೇಳಿದಳು: 'ನಾನು ಬರಬಾರದಿತ್ತೇನೋ ಮಗ?' ಆಗ ನಮಗೆ, ಚೊಂಬು ಕೈಗೆ ತಗೋ ಅಂತ ಅವ್ವನಿಗೆ ಮೊದಲೇ ಹೇಳಿಕೊಡಬೇಕಿತ್ತು ಅನ್ನಿಸಿಬಿಡ್ತು. ಮನೆ ಹೋಗಿದ್ದಕ್ಕಿಂತ, ಹಾಗೆ ಅನ್ನಿಸಿತಲ್ಲ ಅನ್ನೋದು ನಮ್ಮನ್ನ ಇವತ್ತಿಗೂ ತಿಂತದೆ.

ಆಮೇಲೆ ನಾವು ಸುಳ್ಳು ಹೇಳಲಿಲ್ಲ. ಕೇಳಿದವರಿಗೆ ಕೇಳೋ ಮೊದಲೇ ಹೇಳಿದೆವು. ಎಷ್ಟೋ ಗೇಟು ಹಾಕಿಕೊಂಡವು. ಕೊನೆಗೆ ಶಿರಾಗೇಟ್ ಕಡೆ ಒಬ್ಬರು ವಯಸ್ಸಾದವರು ಎರಡೇ ಮಾತು ಕೇಳಿದರು: ಬಾಡಿಗೆ ಯಾವ ತಾರೀಖಿಗೆ ಕೊಡ್ತೀರ, ನಲ್ಲಿ ನಿಲ್ಲಿಸ್ತೀರ ತಾನೆ? ಹೋದ ತಿಂಗಳು ಅವ್ವನನ್ನ ನಾವೇ ಹೋಗಿ ಕರಕೊಂಡು ಬಂದೆವು. ಎರಡು ದಿನ ಇದ್ದಳು. ನೀರನ್ನ ಲೋಟದಲ್ಲೇ ಕುಡಿದಳು. ಆದರೆ ಕುಡಿದಾದ ಮೇಲೆ ತಾನೇ ತೊಳೆದಿಟ್ಟಳು.

ಹಿರಿಯರೇ, ಊರಿಗೆ ಬರೋದಿಲ್ಲ ಅಂತಲ್ಲ. ಶನಿವಾರ ರಾತ್ರಿ ಬಸ್ಸಿಗೆ ಬರ್ತೀವಿ, ಸೋಮವಾರ ಬೆಳಿಗ್ಗೆ ಹೊರಡ್ತೀವಿ.

ಇನ್ನೊಂದು ಕೆಲಸದ ಮಾತು ಐತೆ. ನಮಗೆ ಗೊತ್ತಿರೋ ಇಬ್ಬರು ಹೆಣ್ಣುಮಕ್ಕಳು ಪಾವಗಡದ ಕಡೆಯವರು, ಡಿಗ್ರಿ ಕೊನೇ ಪರೀಕ್ಷೆ ಬರೀತಾ ಇದಾರೆ. ಪರೀಕ್ಷೆ ಮುಗಿದರೆ ಹಾಸ್ಟೆಲ್ ಬಿಡಬೇಕು. ಊರಿಗೆ ಹೋದರೆ ಮದುವೆ ಮಾಡಿಬಿಡ್ತಾರೆ. ಅವರಿಗೆ ಇಲ್ಲೇ ಕೆಲಸ ಮಾಡೋ ಆಸೆ. ಗಂಡುಹುಡುಗರಿಗೇ ಇಷ್ಟು ಗೇಟು ಹಾಕಿದ ಊರು ಇದು. ಯಾರ ಮನೆಯಲ್ಲಾದರೂ ಒಂದು ರೂಮು ಇದ್ದರೆ, ಸಭೆ ಮುಗಿದ ಮೇಲೆ ಹೊರಗೆ ಟೀ ಅಂಗಡಿ ಹತ್ತಿರ ನಿಂತಿರ್ತೀವಿ, ಬಂದು ಹೇಳಿ.