ಗುಡ್ಡದ ಹುಲ್ಲು, ಗುಡ್ಡದ ಅದಿರು
(ಪೀರನವಾಡಿಯಲ್ಲಿ ಮಾಡಿದ ಭಾಷಣ)



ಈ ಪೀರನವಾಡಿಯಲ್ಲಿ ದಾರಿ ಎರಡಾಗುವದು. ಒಂದು ಖಾನಾಪುರಕ್ಕೆ, ಇನ್ನೊಂದು ಜಾಂಬೋಟಿಯ ಮೇಲೆ ಚೋರ್ಲಾ ಘಟ್ಟಕ್ಕೆ. ಈ ದಾರಿಗಳು ಮುಟ್ಟುವ ಗುಡ್ಡಗಾಡಿನ ಸಂಪತ್ತು ಎರಡು: ಮೇಲೆ ಹುಲ್ಲು, ಒಳಗೆ ಅದಿರು. ಅವುಗಳ ಲಾಭ ಯಾರ ಪಾಲಾಯಿತೆಂಬದೇ ಇಂದಿನ ವಿಷಯ.

ಹುಲ್ಲನ್ನು ಹಾಲು-ಬೆಣ್ಣೆ ಮಾಡಿದವರು ಗೌಳಿಗಳು. ಎಮ್ಮೆಯ ಹಿಂಡು ಕಟ್ಟಿಕೊಂಡು ಖಾನಾಪುರ, ಹಳಿಯಾಳದ ಕಾಡುಗಳಲ್ಲಿ ಗೌಳಿವಾಡಗಳನ್ನು ಮಾಡಿ ಬಾಳಿದರು. 1871ರ ಜಾನುವಾರು ಕಾಯಿದೆ ಅವರ ದನಗಳಿಗೆ ಕೊಂಡವಾಡ ತೋರಿಸಿತು. 1878ರ ಅರಣ್ಯ ಕಾಯಿದೆ ಕಾಡನ್ನೇ ಸರಕಾರದ್ದು ಮಾಡಿತು. ನಿನ್ನೆಯ ಹಕ್ಕು, ಹಣ ಕೊಟ್ಟು ಪಡೆಯುವ ಪರವಾನಿಗೆಯಾಯಿತು.

ಅದಿರಿನ ಕಥೆಯೂ ಇಂಥದೇ. ಸಹ್ಯಾದ್ರಿಯ ಅಂಚಿನಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ವಿಲಾಯತಿಯ ಅಗ್ಗದ ಕಬ್ಬಿಣ ಬಂತು, ಸೌದೆ ತುಟ್ಟಿಯಾಯಿತು, ಕುಲುಮೆ ಆರಿತು. 1880ರ ದಶಕದಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಮುರಗಾಂವಿಗೆ ರೈಲು ಹಾಯಿತು. ಮುಂದೆ ಸಂಡೂರಿನ ಮ್ಯಾಂಗನೀಸ್ ಇದೇ ದಾರಿಯಿಂದ ಪರದೇಶಕ್ಕೆ ಹೋಯಿತು. ವ್ಯಾಗನ್ನುಗಳು ನಮ್ಮ ಕಣ್ಣ ಮುಂದೆ ಹಾದವು. ಲಾಭ ಇಲ್ಲಿ ಇಳಿಯಲಿಲ್ಲ.

1969ರಲ್ಲಿ ಬೆಳಗಾವಿಯಲ್ಲಿ ಇಂಡಿಯನ್ ಅಲ್ಯುಮಿನಿಯಮ್ ಕಾರಖಾನೆ ಸುರುವಾಯಿತು. ಬಾಕ್ಸೈಟು ಪಶ್ಚಿಮದ ಗುಡ್ಡಗಳದು, ವಿದ್ಯುತ್ತು ಶರಾವತಿಯದು. ವಿದ್ಯುತ್ತು ಸಾಲದಾದಾಗ ಲೋಹ ತೆಗೆಯುವ ವಿಭಾಗ ಮುಚ್ಚಿತು; ಅಲ್ಯುಮಿನಾ ಮಾತ್ರ ಉಳಿಯಿತು. ಅದಿರಿದ್ದ ಮಾತ್ರಕ್ಕೆ ಕೆಲಸ ಗಟ್ಟಿಯಲ್ಲ, ಗಿರಣಿಯ ಬಂಧುಗಳೇ, ಇದನ್ನು ನೆನಪಿಡಿರಿ.

ಕುಂದಾ ಮಾರುವ ಅಂಗಡಿಕಾರರು ಕೇಳಬಹುದು, ಇದರಿಂದ ನಮಗೇನು ಎಂದು. ಕುಂದಾಕ್ಕೆ ಹಾಲು ಬೇಕು, ಹಾಲಿಗೆ ಮೇವು ಬೇಕು. ಉದ್ಯಮಬಾಗದ ಎರಕದ ಕೆಲಸಗಾರನಿಗೆ ಅದಿರಿನ ಲೋಹ ಬೇಕು. ಆದರೆ ಹುಲ್ಲು ಮಳೆಗೊಮ್ಮೆ ಚಿಗುರುವದು. ಅಗೆದ ಅದಿರು ಮರಳಿ ಬಾರದು. ಆದ್ದರಿಂದ ಅದರ ಲೆಕ್ಕ ಬಿಗಿಯಾಗಿರಬೇಕು.

ಕಾನೂನು ಇಲ್ಲವೆಂದಲ್ಲ. 2015ರ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ನಿಧಿಗೆ ಹಣ ತುಂಬಬೇಕು: ಹಳೆಯ ಗುತ್ತಿಗೆಗೆ ರಾಜಧನದ ಶೇಕಡಾ 30, ಹರಾಜಿನ ಹೊಸ ಗುತ್ತಿಗೆಗೆ ಶೇಕಡಾ 10. ಆ ಹಣ ಗಣಿಯಿಂದ ಬಾಧೆಪಟ್ಟವರದು. 2006ರ ಅರಣ್ಯ ಹಕ್ಕು ಕಾಯಿದೆ ಮೇವಿನ ಹಕ್ಕನ್ನೂ ಒಪ್ಪಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಹಿಂಡಿನ ಹಿಂದೆ ಅಲೆದವನಲ್ಲಿ ಅಷ್ಟು ಹಳೆಯ ಕಾಗದ ಎಲ್ಲಿಯದು? ಹಿರಿಯರ ಹೇಳಿಕೆಯೂ ಸಾಕ್ಷ್ಯವೆಂದು ನಿಯಮದಲ್ಲಿಯೇ ಇದೆ. ಗ್ರಾಮಸಭೆಯಲ್ಲಿ ಅದನ್ನು ಬರೆಯಿಸಿರಿ. ಖನಿಜ ನಿಧಿಯ ಲೆಕ್ಕ ಕೇಳಿರಿ. ಬಾಧೆಪಟ್ಟವರ ಯಾದಿಯಲ್ಲಿ ಸಾತಬಾರಾ ಇದ್ದವನ ಹೆಸರಷ್ಟೇ ಅಲ್ಲ, ಎಮ್ಮೆ ಕಾಯುವವನ ಹೆಸರೂ ಬರಲಿ. ಅದಕ್ಕೆ ಗಿರಣಿಯವರೂ ಅಂಗಡಿಯವರೂ ಅವನ ಬೆನ್ನಿಗೆ ನಿಲ್ಲಬೇಕು.