ಹಳೆಯ ಪ್ರಶ್ನೆಪತ್ರಿಕೆಯೂ ಮಗಳ ಮೂರು ಗಂಟೆಯೂ



ಬಿ.ಎಸ್ಸಿ. ಓದುವ ನಮ್ಮ ಹುಡುಗಿಯರಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂದರೆ ಹೆದರಿಕೆ. ಪರೀಕ್ಷೆ ಹತ್ತಿರ ಬಂದಾಗ ಐದು ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ಉತ್ತರಗಳನ್ನು ಬಾಯಿಪಾಠ ಮಾಡುತ್ತಾರೆ. ಈ ವಿಷಯ ಕಲಿಸುವವಳಾಗಿ ನಾನು ಹೇಳುವುದು ಇಷ್ಟೇ: ಹಳೆಯ ಪತ್ರಿಕೆ ಇರುವುದು ಬಾಯಿಪಾಠಕ್ಕಲ್ಲ, ಬರೆದು ನೋಡುವುದಕ್ಕೆ.

ಒಂದು ಉದಾಹರಣೆ ಕೊಡುತ್ತೇನೆ. ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿದರೆ ಮುಖ್ಯವಾಗಿ 2-ಬ್ರೋಮೊಪ್ರೊಪೇನ್ ಸಿಗುತ್ತದೆ. ಇದು ಮಾರ್ಕೊವ್ನಿಕಾಫ್ ನಿಯಮ. ಅದೇ ಪ್ರಶ್ನೆಗೆ ಮುಂದಿನ ವರ್ಷ ‘ಪೆರಾಕ್ಸೈಡ್ ಇದ್ದಾಗ’ ಎಂದು ಸೇರಿಸಿದರೆ ಉತ್ತರ 1-ಬ್ರೋಮೊಪ್ರೊಪೇನ್. ಮೊದಲನೆಯದರಲ್ಲಿ ಹೈಡ್ರೋಜನ್ ಮೊದಲು ತುದಿಯ ಕಾರ್ಬನ್ನಿಗೆ ಸೇರುತ್ತದೆ, ಎರಡನೆಯದರಲ್ಲಿ ಬ್ರೋಮಿನ್. ಬ್ರೋಮೈಡ್ ಬದಲು ಕ್ಲೋರೈಡ್ ಕೊಟ್ಟರೆ ಪೆರಾಕ್ಸೈಡ್ ಇದ್ದರೂ ಉತ್ತರ ತಿರುಗುವುದಿಲ್ಲ. ಒಂದು ಪದ ಬದಲಾದರೆ ಬಾಯಿಪಾಠ ಕೈಕೊಡುತ್ತದೆ. ‘ಏಕೆ’ ಎಂದು ತಿಳಿದವಳು ಗೆಲ್ಲುತ್ತಾಳೆ.

ಹಾಗಾಗಿ ಮಕ್ಕಳೇ, ಮೊದಲು ಪತ್ರಿಕೆಗಳನ್ನು ಈಗಿನ ಸಿಲಬಸ್ ಜೊತೆ ಹೋಲಿಸಿ, ಬಿಟ್ಟುಹೋದ ಪಾಠದ ಪ್ರಶ್ನೆಗಳನ್ನು ಹೊಡೆದುಹಾಕಿ. ಉಳಿದವನ್ನು ಪಾಠವಾರು ವಿಂಗಡಿಸಿ ಬಿಡಿಸಿ. ಪ್ರತಿ ಉತ್ತರದ ಪಕ್ಕ ‘ಏಕೆ’ ಎಂಬುದಕ್ಕೆ ಒಂದು ಸಾಲು ಬರೆಯಿರಿ. ತಪ್ಪಾದದ್ದನ್ನು ಮೂರು ದಿನ ಬಿಟ್ಟು, ಪುಸ್ತಕ ಮುಚ್ಚಿ ಮತ್ತೆ ಬರೆಯಿರಿ. ಹೋದ ವರ್ಷದ ಪತ್ರಿಕೆಯನ್ನು ಮಾತ್ರ ನೋಡದೆ ತೆಗೆದಿಡಿ. ಪರೀಕ್ಷೆಗೆ ಒಂದು ವಾರ ಇರುವಾಗ ಗಡಿಯಾರ ಎದುರಿಗಿಟ್ಟು ಪೂರ್ತಿ ಬರೆಯಿರಿ.

ಇನ್ನು ತಾಯಂದಿರಿಗೆ ಒಂದು ಮಾತು. ಪೂರ್ತಿ ಪತ್ರಿಕೆ ಬರೆಯಲು ಎರಡೂವರೆಯೋ ಮೂರೋ ಗಂಟೆ ಬೇಕು. ನಮ್ಮ ಮುಂಬಯಿಯ ವನ್ ರೂಮ್ ಕಿಚನ್ ಮನೆಯಲ್ಲಿ ಅದು ಎಲ್ಲಿ ಸಿಗಬೇಕು? ಮಗ ಓದಲು ಕುಳಿತರೆ ಟಿವಿ ಸದ್ದು ತಗ್ಗಿಸುತ್ತೇವೆ. ಮಗಳು ಕುಳಿತರೆ ‘ಕುಕ್ಕರ್ ನೋಡೇ, ಬಾಗಿಲು ತೆಗಿಯೇ, ಬಂದವರಿಗೆ ಚಹಾ ಇಡೇ’ ಎನ್ನುತ್ತೇವೆ. ರಿಯಾಕ್ಷನ್ನಿನ ನಾಲ್ಕು ಹೆಜ್ಜೆಗಳಲ್ಲಿ ಎರಡನೆಯದಕ್ಕೇ ಎದ್ದು ಹೋದವಳು ಮರಳಿ ಬಂದು ಮೊದಲಿನಿಂದ ಶುರು ಮಾಡಬೇಕು. ಕೆಮಿಸ್ಟ್ರಿ ನಮಗೆ ಗೊತ್ತಿಲ್ಲದಿದ್ದರೂ ಆ ಮೂರು ಗಂಟೆ ಅವಳನ್ನು ಕರೆಯದೆ ಇರಬಲ್ಲೆವು.

ಮನೆಯಲ್ಲಿ ಜಾಗವಿಲ್ಲದವರಿಗೆ ಭಾನುವಾರ ಬೆಳಿಗ್ಗೆ ನಮ್ಮ ಸಂಘದ ವಾಚನಾಲಯ ತೆರೆದಿಡೋಣ ಎಂದು ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಮಕ್ಕಳು ಬರೆದದ್ದನ್ನು ತಿದ್ದಿಕೊಡಲು ನಾನು ಬರುತ್ತೇನೆ.