ಡಿಕ್ಕಿಯೊಳಗಿನ ಕಲ್ಲು

ನನ್ನ ಕಾರಿಗೆ 15 ವರ್ಷ ತುಂಬಿತು. 1988ರ ಮೋಟಾರು ವಾಹನ ಕಾಯಿದೆಯಂತೆ ಇನ್ನು 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದಕ್ಕೆ ಮೊದಲು ತಪಾಸಣೆ. ಅಧಿಕಾರಿಗಳು ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ತಳ್ಳಿಸಿ ನೋಡಿ, “ಇದು ನಿಲ್ಲುವುದಿಲ್ಲ, ಸರಿಮಾಡಿಸಿಕೊಂಡು ಬನ್ನಿ” ಎಂದರು.

ನನಗೆ ಅವಮಾನವಾಯಿತೇ ಹೊರತು ಆಶ್ಚರ್ಯವಾಗಲಿಲ್ಲ. ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿ ನಿಲ್ಲಿಸುವಾಗ ಚಕ್ರಕ್ಕೆ ಅಡ್ಡ ಇಡಲೆಂದು ಡಿಕ್ಕಿಯಲ್ಲಿ ಒಂದು ಕಲ್ಲನ್ನು ಹೊತ್ತು ತಿರುಗುತ್ತಿದ್ದವನು ನಾನು. ಒಮ್ಮೆ ಮೊಮ್ಮಗಳು ಒಳಗೆ ಕುಳಿತಿದ್ದಾಗ ಆ ಕಲ್ಲೂ ಜಾರಿತ್ತು. ಮನೆಯಲ್ಲಿ ಈ ಸಂಗತಿಯನ್ನು ಈವರೆಗೆ ಹೇಳಿಲ್ಲ.

ಮಾಲೂರಿನ ಗ್ಯಾರೇಜಿನಲ್ಲಿ, “ಕೇಬಲ್ ಬಿಗಿಮಾಡಿ ಸಾಕು” ಎಂದೆ. ಮೆಕ್ಯಾನಿಕ್ ನಕ್ಕು, “ಅದು ಕಡೆಗೆ ಸಾರ್” ಎನ್ನುತ್ತ ಹಿಂದಿನ ಚಕ್ರಗಳನ್ನು ಬಿಚ್ಚಿದರು. ಡ್ರಮ್ಮಿನೊಳಗೆ ಶೂಗಳು ಸವೆದಿದ್ದವು. ಒಂದು ಕೇಬಲು ತನ್ನ ಕವಚದಲ್ಲೇ ತುಕ್ಕು ಹಿಡಿದು ಅಂಟಿಕೊಂಡಿತ್ತು. ಇಂಥದರಲ್ಲಿ ಕೇಬಲನ್ನಷ್ಟೇ ಬಿಗಿದರೆ ಕೈಗೆ ಹಿಡಿ ಬಿಗಿಯೆನಿಸುತ್ತದೆ, ಚಕ್ರಕ್ಕೆ ಆ ಸುದ್ದಿಯೇ ತಲುಪದು! ಅವರು ಹೊಸ ಶೂ, ಹೊಸ ಕೇಬಲ್ ಹಾಕಿ, ಮೊದಲು ಶೂಗಳನ್ನು ಡ್ರಮ್ಮಿಗೆ ಹೊಂದಿಸಿ, ಆಮೇಲೆ ಕೇಬಲನ್ನು ಬಿಗಿದರು. ಹಿಡಿ ಇಳಿಸಿದಾಗ ಚಕ್ರ ಸರಾಗವಾಗಿ ತಿರುಗುವುದನ್ನೂ ಕೈಯಿಂದ ತಿರುಗಿಸಿ ತೋರಿಸಿದರು.

ಮರುತಪಾಸಣೆಯಲ್ಲಿ ಕಾರು ಕದಲಲಿಲ್ಲ. ಕಲ್ಲನ್ನು ಅಂತರಗಂಗೆಯ ದಾರಿಯಲ್ಲೇ ಇಳಿಸಿ ಬಂದೆ.